ಕಿವಿ ಮೇಸ್ತ್ರಿ ಮಾತು ಕಂಡದ್ದು

ಕಿವಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಸುಮ್ಮನೆ ಬಿದ್ದದ್ದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರೆ ಸಾಕು, ಯಾವ ವಾಲ್ವು ಸಡಿಲ, ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಶೆಡ್ಡಿನ ಒಳಗಿನಿಂದ ಕೂಗುತ್ತಿದ್ದ: "ಬೆಲ್ಟ್ ಹೋಗಿದೆ, ಆ ಕಡೆ ನಿಲ್ಸಿ!" ಅಂಥವನಿಗೇ ಕಿವಿ ಮಂಕಾಗಬೇಕೆ? ಹಲ್ಲಿದ್ದವನಿಗೆ ಕಡಲೆ ಇಲ್ಲದಿದ್ದರೆ ಹೇಗೋ ನಡೆಯುತ್ತದೆ. ಇವನದು ಹಲ್ಲನ್ನೇ ನಂಬಿ ಬದುಕುವ ಕಸುಬು.

ಮೊದಲು ಬಲಗಿವಿ ಹೋಯಿತು, ಆಮೇಲೆ ಎಡಗಿವಿ ಅರ್ಧ. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ಗಿರಾಕಿಗಳು ‘ಪಾಪ’ ಅನ್ನುತ್ತಾರೆ, ಹೆಂಡತಿ ‘ದುಡಿದದ್ದು ಸಾಕು, ಮನೇಲಿ ಕೂತ್ಕೊಳ್ಳಿ’ ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು ಕಥೆ. ಶೆಡ್ಡು ಬಿಟ್ಟರೆ ಅವನಿಗೆ ಬೇರೆ ಲೋಕವೇ ಇರಲಿಲ್ಲ. ಅದಕ್ಕೇ ಒಂದು ಉಪಾಯ ಹಿಡಿದಿದ್ದ: ಯಾರು ಏನೇ ಹೇಳಲಿ, ಕೇಳಿಸಲಿ ಬಿಡಲಿ, ತಲೆ ಅಲ್ಲಾಡಿಸಿ "ಹೂಂ ಹೂಂ, ಆಯ್ತು" ಅಂದುಬಿಡುವುದು. ಎತ್ತು ಈಯಿತು ಅಂದರೂ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಗಿರಾಕಿಯಾಗಿದ್ದ ನಮ್ಮ ಮೇಸ್ತ್ರಿ.

ಶೆಡ್ಡಿನ ಮುಕ್ಕಾಲು ಕೆಲಸ ಈಗ ಸೊಸೆಯದು. ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿದ್ದಾಗ ನಿದ್ದೆ ಹೊಡೆಯುತ್ತಾನೆ. ಸೊಸೆ ಕಾರಿನ ಎಲೆಕ್ಟ್ರಾನಿಕ್ಸ್ ಕಲಿತವಳು. ಪೆಟ್ರೋಲ್ ಎಂಜಿನ್ನೂ ಕರೆಂಟ್ ಮೋಟಾರೂ ಎರಡೂ ಇರುವ ಹೈಬ್ರಿಡ್ ಗಾಡಿಗಳೆಂದರೆ ಅವಳಿಗೆ ಪ್ರಾಣ. ಮಾವನಿಗೆ ಅವನ್ನು ಕಂಡರೆ ಒಳಗೊಳಗೇ ಭಯ. ಸದ್ದೇ ಮಾಡದ ಗಾಡಿ! "ಬಾಯಿ ಬಿಡದ ರೋಗಿಗೆ ಏನಂತ ಮದ್ದು ಕೊಡೋದಮ್ಮ?" ಎಂದು ನಗುತ್ತ ಜಾರಿಕೊಳ್ಳುತ್ತಿದ್ದ. ಆದರೆ ವೈರಿಂಗ್ ಕೆಲಸ ಬಂದರೆ ಮಾತ್ರ ಬಿಡುತ್ತಿರಲಿಲ್ಲ. ಅವನು ಕೂರಿಸಿದ ತಂತಿಗಳು ಎಣ್ಣೆ ಹಚ್ಚಿ ತಲೆ ಬಾಚಿದ ಹಾಗೆ, ಒಂದು ಎಳೆ ಅತ್ತಿತ್ತ ಇಲ್ಲ. ಅದೊಂದು ಜಂಬ ಇನ್ನೂ ಉಳಿದಿತ್ತು.

ಅವತ್ತು ಬೆಳಿಗ್ಗೆ ನರ್ಸಮ್ಮನ ಬಿಳಿ ಹೈಬ್ರಿಡ್ ಕಾರನ್ನು ಯಾರೋ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ನರ್ಸಮ್ಮ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವವಳು, ಕಷ್ಟದ ಬಸುರಿಯರನ್ನು ತಾನೇ ಆಸ್ಪತ್ರೆಗೆ ಕರೆತರುವವಳು. ಇಳಿದವಳೇ ಬಾಗಿಲು ಧಡಾರನೆ ಹಾಕಿದಳು.

"ಮೇಸ್ತ್ರಿ, ನಿಮ್ಮಲ್ಲಿ ರಿಪೇರಿ ಆದ್ಮೇಲೇ ಇದಕ್ಕೆ ಈ ಚಾಳಿ ಹಿಡಿದದ್ದು. ಸಪಾಟು ರಸ್ತೇಲಿ ಬಂಗಾರದಂಥ ಗಾಡಿ, ದಿಣ್ಣೆ ಹತ್ತೋವಾಗ ಕೈ ಕೊಡುತ್ತೆ. ನಿನ್ನೆ ಹಿಂದಿನ ಸೀಟಲ್ಲೇ ಹೆರಿಗೆ ಆಗೋಯ್ತು! ತಾಯಿ ಮಗು ಚೆನ್ನಾಗಿದಾರೆ, ನನ್ನ ಪುಣ್ಯ. ಇವತ್ತು ಸಂಜೆ ಗುಡ್ಡದಾಚೆಯಿಂದ ಇನ್ನೊಬ್ಬಳನ್ನ ಕರ್ಕೊಂಡು ಬರ್ಬೇಕು, ಅವಳ ಹೊಟ್ಟೇಲಿ ಅವಳಿ ಮಕ್ಕಳು. ಇದನ್ನ ನಂಬಿ ಹೋಗ್ಲಾ ಬೇಡ್ವಾ?"

"ಹೂಂ ಹೂಂ, ಆಯ್ತು," ಅಂದ ಮೇಸ್ತ್ರಿ.

ನರ್ಸಮ್ಮ ಅವನನ್ನು ಕೆಕ್ಕರಿಸಿ ನೋಡಿ, ಮಧ್ಯಾಹ್ನ ಬರುತ್ತೇನೆಂದು ಸೊಸೆಗೆ ಹೇಳಿ ಹೊರಟಳು.

ಸೊಸೆ ಸ್ಕ್ಯಾನರ್ ಸಿಕ್ಕಿಸಿದಳು. ಇಂಥ ಗಾಡಿಯಲ್ಲಿ ಎಂಜಿನ್ನಿಗೊಂದು, ಬ್ಯಾಟರಿಗೊಂದು, ಮೋಟಾರಿಗೊಂದು, ಬ್ರೇಕಿಗೊಂದು ಕಂಟ್ರೋಲ್ ಮಾಡ್ಯೂಲ್ ಇರುತ್ತದೆ. ಪುಟ್ಟ ಕಂಪ್ಯೂಟರುಗಳು. ಮೇಸ್ತ್ರಿ ಅವನ್ನು ಡಬ್ಬಿ ಅನ್ನುತ್ತಿದ್ದ. ಅವು ತಮ್ಮತಮ್ಮಲ್ಲಿ ಮಾತಾಡಿಕೊಂಡೇ ಗಾಡಿ ಓಡಿಸಬೇಕು. ಪರದೆಯ ಮೇಲೆ ಬಂದದ್ದು ಬರೀ ಚಾಡಿ. ಬ್ಯಾಟರಿಯ ಡಬ್ಬಿ ‘ಎಂಜಿನ್ನಿನ ಸುದ್ದಿಯೇ ಇಲ್ಲ’ ಅನ್ನುತ್ತದೆ, ಎಂಜಿನ್ನಿನದು ‘ಬ್ಯಾಟರಿ ಮಾತು ಬಿಟ್ಟಿದೆ’ ಅನ್ನುತ್ತದೆ, ಬ್ರೇಕಿನದು ಇಬ್ಬರ ಮೇಲೂ ದೂರು ಹೇಳುತ್ತದೆ. ಪಂಚಾಯ್ತಿ ಮಾಡುವುದಾದರೂ ಯಾರ ಮಾತು ನಂಬಿ? ಒಂದೊಂದೇ ಡಬ್ಬಿಯನ್ನು ಬಿಚ್ಚಿ ನೋಡಿದಳು, ಯಾವುದಾದರೂ ಒಂದು ಕೆಟ್ಟು ಉಳಿದವರ ಬಾಯಿ ಮುಚ್ಚಿಸುತ್ತಿದೆಯೋ ಎಂದು. ಇಲ್ಲ. ಮೀಟರ್ ಹಿಡಿದಳು. ಎಲ್ಲ ಸರಿ. ನಿಂತ ಗಾಡಿಯಲ್ಲಿ ಹುಡುಕಿದರೆ ಹತ್ತುವ ಗಾಡಿಯ ರೋಗ ಸಿಗುತ್ತದೆಯೇ?

"ಮಾವ, ಬನ್ನಿ," ಅಂದಳು ಎದುರು ಬಂದು, ತಂತಿಯ ಕರೆಂಟನ್ನು ಗೆರೆಯಾಗಿ ಬರೆದು ತೋರಿಸುವ ಸ್ಕೋಪ್ ಎಂಬ ಪುಟ್ಟ ಪರದೆಯನ್ನು ಕೈಯಲ್ಲಿ ಹಿಡಿದು. "ನಾನು ದಿಣ್ಣೆ ಹತ್ತಿಸ್ತೀನಿ. ನೀವು ಇದನ್ನ ನೋಡ್ತಾ ಇರಿ."

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತ, ತೊಡೆಯ ಮೇಲೆ ಸ್ಕೋಪ್. ಗಾಡಿ ಸದ್ದಿಲ್ಲದೆ ಬೀದಿಗಿಳಿಯಿತು. ಆಗ ಅವನು ಬೆಪ್ಪಾದ. ಸೊಸೆಯ ಮಾತು ಕೇಳಿಸುತ್ತಿತ್ತು! ಎಂಜಿನ್ನಿನ ಗುಡುಗಿಲ್ಲ, ಶೆಡ್ಡಿನ ಕಂಪ್ರೆಸರ್ ಇಲ್ಲ. ಅವಳು ಕೂತದ್ದು ಬಲಗಡೆಯಾದರೂ, ಕಿಟಕಿ ಏರಿಸಿದ ಆ ಮೌನದಲ್ಲಿ ಪದಪದವೂ ಎಡಗಿವಿಗೆ ಬಂದು ಬೀಳುತ್ತಿತ್ತು. ಇಷ್ಟು ದಿನ ಹೆದರಿದ್ದು ಈ ಗಾಡಿಗೇನಾ ಎಂದುಕೊಂಡ.

ಪರದೆಯ ಮೇಲೆ ಎರಡು ಗೆರೆಗಳು. ಒಂದು ಮೇಲಕ್ಕೆ ಜಿಗಿದರೆ, ಇನ್ನೊಂದು ಅದೇ ಕ್ಷಣಕ್ಕೆ ಕೆಳಕ್ಕೆ. ಚೌಕ ಚೌಕ ಮೆಟ್ಟಿಲು, ಸಾಲು ಸಾಲು.

"ಇದೇನಮ್ಮ ಇದು?"

"ಮಾತು, ಮಾವ. ಎಲ್ಲಾ ಡಬ್ಬಿಗಳ ಮಾತೂ ಈ ಎರಡೇ ತಂತಿ ಮೇಲೆ ಹೋಗೋದು."

"ಎಲ್ಲರದ್ದೂ ಎರಡೇ ತಂತಿ ಮೇಲಾ? ಜಗಳ ಆಗಲ್ವಾ?"

"ಆಗಲ್ಲ. ಇಬ್ರು ಒಟ್ಟಿಗೆ ಬಾಯಿ ತೆಗೆದ್ರೆ, ಯಾರ ಮಾತು ಹೆಚ್ಚು ಮುಖ್ಯಾನೋ ಅದು ಮುಂದೆ ಹೋಗುತ್ತೆ. ಇನ್ನೊಬ್ಬ ಅಲ್ಲೇ ಸುಮ್ಮನಾಗಿ ಕಾಯ್ತಾನೆ. ಮುಖ್ಯವಾದ ಮಾತು ಒಂದಕ್ಷರಾನೂ ಕೆಡಲ್ಲ."

"ಅಬ್ಬಬ್ಬಾ!" ಅಂದ ಮೇಸ್ತ್ರಿ. "ನಮ್ಮ ಮನೆ ಊಟದ ಹೊತ್ತಿಗೆ ಇವ್ರನ್ನ ಕರೀಬೇಕು."

ಸೊಸೆ ನಕ್ಕಳು. ಮೇಸ್ತ್ರಿ ನಗುವುದನ್ನೂ ಮರೆತು ನೋಡುತ್ತಿದ್ದ. ಅವಳು ಬ್ರೇಕ್ ತುಳಿದರೆ ಮೆಟ್ಟಿಲ ಸಾಲಿನಲ್ಲಿ ಎಲ್ಲೋ ಒಂದು ಅಲುಗಾಟ, ಬಿಟ್ಟರೆ ಮತ್ತೊಂದು. ಈ ಕಾಲದಲ್ಲೂ ಇಂಥ ಶಿಸ್ತಿನ ಸಂಸಾರ ಇದೆಯೇ? ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಸಾವಿರ ಮಾತು ಮುಗಿಯುತ್ತದೆ ಎಂದು ಅವಳು ಹೇಳಿದಾಗ ಅವನಿಗೆ ಮೈ ಜುಂ ಎಂದಿತು. ಜೀವಮಾನವಿಡೀ ಗಾಡಿಗಳ ಕೆಮ್ಮು, ಸೀನು, ನರಳಾಟ ಕೇಳಿದ್ದ. ಅವು ಆಡುವ ಮಾತನ್ನು ಕಣ್ಣಾರೆ ಕಂಡದ್ದು ಇವತ್ತೇ.

"ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಸರಿಯಾಗಿ ಕೇಳಿಸದಿದ್ರೆ?" ಎಂದು ಕೇಳಿದ. ಯಾಕೆ ಕೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

"ತಕ್ಷಣ ಹೇಳ್ಬಿಡ್ತಾನೆ, ಕೇಳಿಸಲಿಲ್ಲ ಅಂತ. ಆಗ ಅರ್ಧಂಬರ್ಧ ಕೇಳಿದ್ದನ್ನ ಎಲ್ರೂ ಬಿಟ್ಟುಬಿಡ್ತಾರೆ. ಹೇಳ್ದೋನು ಮೊದಲಿಂದ ಮತ್ತೆ ಹೇಳ್ತಾನೆ."

"ಅವನಿಗೆ ಕೋಪ ಬರಲ್ವಾ?"

"ಕೋಪ ಯಾಕೆ ಮಾವ? ಕೇಳಿಸ್ದೇ ಕೇಳಿಸ್ತು ಅಂದ್ರಲ್ವಾ ಗಾಡಿ ಗುಂಡಿಗೆ ಬೀಳೋದು!"

ಮೇಸ್ತ್ರಿ ಕಿಟಕಿಯ ಕಡೆ ಮುಖ ತಿರುಗಿಸಿದ.

ಅಷ್ಟರಲ್ಲಿ ದಿಣ್ಣೆ ಬಂತು. "ನೋಡ್ತಿರಿ," ಎಂದು ಸೊಸೆ ಕಾಲೊತ್ತಿದಳು. ಮೋಟಾರು ಗಾಡಿಯನ್ನು ಮೇಲಕ್ಕೆಳೆಯತೊಡಗಿತು. ಚೊಕ್ಕಟವಾಗಿದ್ದ ಗೆರೆಗಳ ಮೇಲೆ ಸಣ್ಣ ಕೂದಲು ಹುಟ್ಟಿತು. ಅವಳು ಇನ್ನಷ್ಟು ಒತ್ತಿದಳು, ಕೂದಲು ಇನ್ನಷ್ಟು ಬೆಳೆದು ಮೆಟ್ಟಿಲುಗಳೇ ಕಾಣದಾದವು. ಮಾತು ಅರ್ಧಕ್ಕೆ ಮುರಿಯಿತು, ಮತ್ತೆ ಶುರುವಾಯಿತು, ಮತ್ತೆ ಮುರಿಯಿತು. ಪಾಪ, ಹೇಳುತ್ತಲೇ ಇದ್ದವು, ಕೇಳಿಸಲಿಲ್ಲ ಅನ್ನುತ್ತಲೇ ಇದ್ದವು. ಕೊನೆಗೆ ಒಂದೊಂದೇ ಸುಮ್ಮನಾದವು. ಗೆರೆಗಳು ಸಪಾಟಾದವು, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು, ಗಾಡಿ ದಿಣ್ಣೆಯ ನಡುವೆ ನಿಂತಿತು. ಸೊಸೆ ಹ್ಯಾಂಡ್‌ಬ್ರೇಕ್ ಎಳೆದಳು.

"ಯಾವ ಡಬ್ಬಿ ಮೊದಲು ತಪ್ಪು ಮಾಡ್ತು, ಕಾಣಿಸ್ತಾ ಮಾವ?"

"ಯಾರದ್ದೂ ತಪ್ಪಿಲ್ಲಮ್ಮ." ಮೇಸ್ತ್ರಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಮಾತು ಕೆಡೋಕೆ ಮುಂಚೇನೇ ಗಲಾಟೆ ಬಂತು. ನೀನು ಕಾಲು ಒತ್ತಿದಷ್ಟೂ ಜಾಸ್ತಿ ಆಯ್ತು. ಇದು ಹೊರಗಿನ ಗಲಾಟೆ. ಮೋಟಾರಿನ ಕರೆಂಟಿಂದು."

ಸೊಸೆ ಸ್ಟಿಯರಿಂಗಿನ ಮೇಲೆ ಬೆರಳು ಕುಟ್ಟುತ್ತ ಯೋಚಿಸಿದಳು. "ಮೋಟಾರಿನ ದಪ್ಪ ಕೇಬಲ್ ಈ ತಂತಿಗಳ ಹತ್ರ ಬರೋದು ಹಿಂದಿನ ಸೀಟಿನ ಕೆಳಗೆ ಮಾತ್ರ. ಹೋದ ಸಲ ಇಲಿ ಕಡಿದದ್ದು ಅಲ್ಲೇ ಅಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ತಂತಿ ಜೋಡಿಸಿದ್ದು ಮೇಸ್ತ್ರಿಯೇ.

ಗಾಡಿಯನ್ನು ಹಿಂದಕ್ಕೆ ಉರುಳಿಸಿಕೊಂಡು ಶೆಡ್ಡಿಗೆ ಬಂದು, ದೊಡ್ಡ ಬ್ಯಾಟರಿಯ ಸೇಫ್ಟಿ ಪ್ಲಗ್ ಕಿತ್ತು, ಕರೆಂಟು ಇಳಿಯುವವರೆಗೆ ಕಾದು, ರಬ್ಬರ್ ಗ್ಲೌಸ್ ಹಾಕಿಕೊಂಡು ಸೀಟು ಎತ್ತಿದರು. ಅಲ್ಲಿತ್ತು ಅವನ ಕೆಲಸ. ಎಂಥ ಕೆಲಸ ಅಂತೀರಿ! ಮೊಳದುದ್ದ ಹೊಸ ತಂತಿ, ಕಣ್ಣಿಗೆ ಕಾಣದ ಬೆಸುಗೆ, ಸುಕ್ಕಿಲ್ಲದ ಟೇಪು. ಒಂದಕ್ಕೊಂದು ಸುತ್ತಿಕೊಂಡಿದ್ದ ಎರಡು ತಂತಿಗಳನ್ನು ಬಿಡಿಸಿ, ನೆಟ್ಟಗೆ ಮಾಡಿ, ಕಿತ್ತಳೆ ಬಣ್ಣದ ದಪ್ಪ ಕೇಬಲಿನ ಪಕ್ಕಕ್ಕೇ ಬಾಚಿ ಕೂರಿಸಿದ್ದ. ಅಂದವಾಗಿ ಕಾಣಲಿ ಎಂದು.

ಸೊಸೆ ಮೆಲ್ಲಗೆ, ಅವನ ಮುಖ ನೋಡಿಕೊಂಡೇ ಹೇಳಿದಳು. "ಈ ಎರಡನ್ನ ಜಡೆ ಥರ ಸುತ್ತಿರೋದು ಚೆಂದಕ್ಕಲ್ಲ ಮಾವ. ಸುತ್ತಿದ್ರೆ, ಹೊರಗಿನ ಗಲಾಟೆ ಎರಡರ ಮೇಲೂ ಸಮ ಬೀಳುತ್ತೆ. ಡಬ್ಬಿಗಳು ಎರಡರ ನಡುವಿನ ವ್ಯತ್ಯಾಸ ಮಾತ್ರ ಕೇಳಿಸ್ಕೊಳ್ಳೋದು. ಸಮ ಬಿದ್ದ ಗಲಾಟೆ ಅಲ್ಲೇ ಹೊಡೆದುಹೋಗುತ್ತೆ, ಮಾತು ಉಳಿಯುತ್ತೆ."

ಮೇಸ್ತ್ರಿ ಬೆಪ್ಪನಂತೆ ತಂತಿಗಳನ್ನೇ ನೋಡಿದ. ಇಷ್ಟೇನಾ? ಪೆಟ್ಟು ಬಿದ್ದರೆ ಇಬ್ಬರಿಗೂ ಬೀಳಲಿ ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡು ಹೋಗುವುದು? ಇದನ್ನು ಯೋಚಿಸಿದವನ ತಲೆ ಎಂಥದ್ದಿರಬೇಕು! ತಾನು ಆ ತಬ್ಬಿಕೊಂಡದ್ದನ್ನು ಬಿಡಿಸಿ, ಬಾಚಿ, ಸಭ್ಯರಂತೆ ದೂರ ದೂರ ಕೂರಿಸಿದ್ದ.

"ಅವತ್ತು ಹೇಳಿದ್ದೆನಲ್ಲ ಮಾವ," ಅಂದಳು ಸೊಸೆ. "ಸುತ್ತಿದ್ದನ್ನ ಬಿಡಿಸ್ಬೇಡಿ, ಕೇಬಲಿನಿಂದ ದೂರ ಇಡಿ ಅಂತ. ಕಂಪ್ರೆಸರ್ ಓಡ್ತಾ ಇತ್ತು. ನೀವು ಹೂಂ ಹೂಂ, ಆಯ್ತು ಅಂದ್ರಿ."

ಅವಳು ಅಷ್ಟೇ ಹೇಳಿ ಹೊಸ ತಂತಿ ತರಲು ಎದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾಡಿದ್ದುಣ್ಣೋ ಮಹಾರಾಯ! ಆ ಸೀಟಿನ ಮೇಲೆಯೇ ನಿನ್ನೆ ಒಬ್ಬ ಹೆಣ್ಣುಮಗಳು ರಸ್ತೆಯ ನಡುವೆ ಹೆತ್ತಳು. ಒಂದು ಸುಳ್ಳು ಹೂಂ, ಅದರಿಂದ ಇಷ್ಟೆಲ್ಲ. ಮೇಸ್ತ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹೊಸ ಜೋಡಿಯನ್ನು ಅವನೇ ಸುತ್ತಿದ. ಒಂದು ಸುತ್ತೂ ತಪ್ಪಲಿಲ್ಲ. ಕೇಬಲಿನಿಂದ ದೂರ ಎಳೆದು ಕಟ್ಟಿದ. ಮತ್ತೆ ಅದೇ ದಿಣ್ಣೆ, ಮತ್ತೆ ತೊಡೆಯ ಮೇಲೆ ಸ್ಕೋಪ್. ಸೊಸೆ ಕಾಲನ್ನು ಪೂರ್ತಿ ಒತ್ತಿದಳು. ಗೆರೆಗಳು ಜಗ್ಗಲಿಲ್ಲ. ಪಕ್ಕದಲ್ಲಿ ಮೋಟಾರಿನ ಕೇಬಲು ಅಷ್ಟು ಆರ್ಭಟಿಸುತ್ತಿದ್ದರೂ ಚೌಕ ಚೌಕ ಮೆಟ್ಟಿಲು ಹಾಗೇ ಜಿಗಿಯುತ್ತಿದ್ದವು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ದಿಣ್ಣೆಯ ನೆತ್ತಿ ದಾಟಿದ್ದೂ ಅವನಿಗೆ ತಿಳಿಯಲಿಲ್ಲ. ಕಣ್ಣು ಒದ್ದೆಯಾಗಿತ್ತು.

ಅವರು ವಾಪಸು ಬರುವಷ್ಟರಲ್ಲಿ ನರ್ಸಮ್ಮ ಚೀಲ ಹಿಡಿದು ಶೆಡ್ಡಿನಲ್ಲಿ ನಿಂತಿದ್ದಳು. ಸೊಸೆ ಇನ್ನೊಂದು ಗಾಡಿಯ ಟೈರಿಗೆ ಗಾಳಿ ತುಂಬಲು ಹೋದಳು, ಕಂಪ್ರೆಸರ್ ಗುಡುಗತೊಡಗಿತು. ನರ್ಸಮ್ಮ ಮೇಸ್ತ್ರಿಯ ಬಲಕ್ಕೆ ನಿಂತು ಏನೋ ಕೇಳಿದಳು. ತುಟಿ ಅಲ್ಲಾಡಿತು, ಹುಬ್ಬು ಮೇಲೇರಿತು. ಅವನ ತಲೆ ತಾನಾಗಿಯೇ ಅಲ್ಲಾಡಲು ಹೊರಟಿತು, ‘ಹೂಂ’ ನಾಲಿಗೆಯ ತುದಿಗೆ ಬಂದಿತ್ತು.

ನುಂಗಿಕೊಂಡ.

"ಕೇಳಿಸಲಿಲ್ಲ ತಾಯಿ," ಅಂದ. ದನಿ ಜೋರಾಯಿತೋ ಮೆಲ್ಲಗಾಯಿತೋ, ಗೊತ್ತಾಗಲಿಲ್ಲ. "ನನಗೆ ಕಿವಿ ಸರಿ ಇಲ್ಲ. ತುಂಬಾ ದಿನ ಆಯ್ತು. ಈ ಕಡೆ ಬಂದು ಇನ್ನೊಂದ್ಸಲ ಹೇಳಿ."

ಕಂಪ್ರೆಸರ್ ನಿಂತಿತು. ಸೊಸೆ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. ನರ್ಸಮ್ಮ ಎಡಕ್ಕೆ ಬಂದಳು.

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ರೇ? ಅದು ಇನ್ನೂ ನಿಲ್ಲೋ ಭಯ ಇದೆಯಾ ಅಂತ ಕೇಳ್ದೆ. ಇದ್ರೆ ಬೇರೆ ಗಾಡಿ ನೋಡ್ಕೊಳ್ತೀನಿ."

ಹೂಂ ಅಂದಿದ್ದರೆ ಏನಾಗುತ್ತಿತ್ತೆಂದು ನೆನೆದು ಮೇಸ್ತ್ರಿಗೆ ಬೆವರು ಬಂತು. "ಇಲ್ಲ," ಅಂದ. "ನಾನೇ ಕೆಡಿಸಿದ್ದೆ, ನಾನೇ ಸರಿ ಮಾಡಿದೀನಿ. ಕಣ್ಣಾರೆ ನೋಡಿದೀನಿ. ನಿಲ್ಲಲ್ಲ."

ನರ್ಸಮ್ಮ ಅವನ ಮುಖವನ್ನೇ ಒಂದು ಕ್ಷಣ ನೋಡಿದಳು. ಚೀಲವನ್ನು ಹಿಂದಿನ ಸೀಟಿಗೆ ಎಸೆದು, ಗಾಡಿ ಹತ್ತಿ, ಗುಡ್ಡದ ಕಡೆಗೆ ಹೊರಟೇಬಿಟ್ಟಳು.

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತ. ಇನ್ನು ಆಯಿತು, ಸಂಜೆಯೊಳಗೆ ಹೆಂಡತಿಗೂ ಸುದ್ದಿ ಮುಟ್ಟುತ್ತದೆ, ನಾಳೆಯಿಂದ ಮನೆ ಮೂಲೆ. ಸೊಸೆ ಕೈ ಒರೆಸಿಕೊಳ್ಳುತ್ತ ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತಳು.

"ನಾಳೆ ಇನ್ನೊಂದು ಹೈಬ್ರಿಡ್ ಬರುತ್ತೆ ಮಾವ. ಸ್ಕೋಪ್ ನೀವೇ ನೋಡ್ಬೇಕು. ಗಲಾಟೆ ಮೊದಲು ಬಂತಾ ತಪ್ಪು ಮೊದಲು ಬಂತಾ ಅನ್ನೋದು ನನ್ನ ಕಣ್ಣಿಗೆ ಹತ್ತಲ್ಲ."

ಮೇಸ್ತ್ರಿ ತಲೆ ಎತ್ತಿದ.

"ಕೇಳಿಸಲಿಲ್ಲ ಮಗಳೇ," ಅಂದ. "ಇನ್ನೊಂದ್ಸಲ ಹೇಳು."

ಕೇಳಿಸಿತ್ತು. ಪ್ರತಿ ಅಕ್ಷರವೂ ಕೇಳಿಸಿತ್ತು.

ಸೊಸೆ ಮೊದಲಿನಿಂದ ಮತ್ತೆ ಹೇಳಿದಳು.