ಹಂದಿಬೆನ್ನಿನ ಕಪ್ಪು ಮೀನು

ಒನೆಜಿಮ್‌ನ ಜಗಲಿಯ ಪಕ್ಕದ ಹಿಮದ ರಾಶಿಯ ಮೇಲೆ ಎರಡು ಟ್ರೌಟ್ ಮೀನುಗಳು ಸೆಟೆದು ಮಲಗಿದ್ದವು. ನಾನು ಊರಿನ ಹಿಮ ತಳ್ಳುವ ಲಾರಿಯಲ್ಲಿ ಆ ರಸ್ತೆಯನ್ನು ಸಾಫು ಮಾಡುತ್ತಿದ್ದೆ. ಕೆನಡಾ ಗಡಿಯ ಹತ್ತಿರದ ನಮ್ಮ ಸರೋವರದ ಟ್ರೌಟ್‌ಗಳು ಬೆಳ್ಳಿಯಂತಿರುತ್ತವೆ. ಇವು ಕಪ್ಪಗಿದ್ದವು, ಹೊಟ್ಟೆ ತುಕ್ಕಿನ ಬಣ್ಣ. ಅಂಥ ಮೀನು ಸಿಗುವುದು ಒಂದೇ ಕಡೆ, ನೀರೊಳಗಿನ ಆ ಕಲ್ಲುದಿಬ್ಬದ ಸುತ್ತ. ಅದಕ್ಕೆ ನಾವು ಹಂದಿಬೆನ್ನು ಅನ್ನುತ್ತೇವೆ. ನಾವು ಅಂದರೆ ನಾನು ಮತ್ತು ನನ್ನ ಹೆಂಡತಿ ಜೆರ್ಮೇನ್, ಇಬ್ಬರೇ.

ನೋಡುತ್ತಲೇ ಅವನ ಅಂಚೆಪೆಟ್ಟಿಗೆಯನ್ನು ಕೆಡವಿಬಿಟ್ಟೆ. ಬೇಕೆಂದು ಮಾಡಲಿಲ್ಲ ಎಂದು ಆಗ ಅಂದುಕೊಂಡೆ. ಈಗ ಅಷ್ಟು ಖಚಿತವಿಲ್ಲ.

ಒನೆಜಿಮ್ ಬಾಯಲ್ಲಿ ಪೈಪು ಕಚ್ಚಿಕೊಂಡೇ ಹೊರಬಂದ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇರುವವನು. ಪಿಟೀಲು ನುಡಿಸುತ್ತಾನೆ, ಎಲ್ಲರನ್ನೂ ನಗಿಸುತ್ತಾನೆ.

"ಏನಪ್ಪಾ ರೊಸೇರ್, ನನಗೆ ಬರೋ ಕಾಗದದ ಮೇಲೆ ಯಾಕಷ್ಟು ಸಿಟ್ಟು?"

"ನಾಳೆ ಸರಿಮಾಡಿ ಕೊಡ್ತೀನಿ. ಆ ಮೀನು ಎಲ್ಲಿಂದ ಬಂತು?"

"ನೀರಿಂದ," ಅಂದು ಕಣ್ಣು ಹೊಡೆದ.

ಹಂದಿಬೆನ್ನನ್ನು ಹುಡುಕಲು ನನಗೆ ಮೂರು ಚಳಿಗಾಲ ಬೇಕಾಯಿತು. ಮಂಜುಗಡ್ಡೆಯಲ್ಲಿ ಅರವತ್ತೊಂದು ತೂತು ಕೊರೆದು, ಪ್ರತಿಯೊಂದರಲ್ಲೂ ಸೀಸದ ಗುಂಡು ಇಳಿಸಿ ಆಳ ನೋಡಿದ್ದೆ. ಸಂಜೆ ಶಾಲೆಯಲ್ಲಿ ಕಲಿತ ಕೋನಗಳ ಲೆಕ್ಕದಿಂದ ನಕ್ಷೆ ಬರೆದೆ, ತಪ್ಪಿದ್ದೀತೆಂದು ಎರಡು ಸಲ ಹರಿದು ಮತ್ತೆ ಬರೆದೆ. ಮದುವೆಯ ಹತ್ತನೇ ವರ್ಷಕ್ಕೆ ಅದನ್ನು ಜೆರ್ಮೇನ್‌ಗೆ ಕೊಟ್ಟೆ. ನನ್ನ ಹತ್ತಿರ ಕೊಡಲು ಅದಕ್ಕಿಂತ ದೊಡ್ಡದು ಇರಲಿಲ್ಲ.

ಕೆಲಸ ಮುಗಿದ ಮೇಲೆ ಮನೆಗೆ ಹೋಗದೆ ನೇರ ಸರೋವರಕ್ಕೆ ನಡೆದೆ. ಅಲ್ಲಿ ಎರಡು ಹೊಸ ತೂತುಗಳಿದ್ದವು. ಜೆರ್ಮೇನ್‌ಗೆ ನಾನೇ ಹೇಳಿಕೊಟ್ಟಂತೆ ಮೇಲೆ ಹಿಮ ಮುಚ್ಚಿತ್ತು. ನಡುವಿನ ದೂರವನ್ನು ಬೂಟಿನಿಂದ ಅಳೆದೆ. ನಾಲ್ಕು ಹೆಜ್ಜೆ. ನಾನೂ ಅವಳೂ ಕೂರುವಾಗ ಹನ್ನೆರಡು ಹೆಜ್ಜೆ ಬಿಡುತ್ತೇವೆ, ದಾರ ಸಿಕ್ಕಿಕೊಳ್ಳಬಾರದೆಂದು. ಆ ನಿಯಮವೂ ನನ್ನದೇ.

ಹಿಮ್ಮಡಿಯಿಂದ ತೆಳು ಮಂಜುಗಡ್ಡೆ ಒಡೆದು ಜೇಬಿನಲ್ಲಿದ್ದ ಗಾಳ ಇಳಿಸಿದೆ. ದಿಬ್ಬದ ನೆತ್ತಿಗಲ್ಲ, ಅದು ಆಳಕ್ಕೆ ಜಾರುವ ಅಂಚಿಗೆ ಸರಿಯಾಗಿ ಕೊರೆದಿದ್ದರು. ಗಾಳವನ್ನು ಗೇಣುದ್ದ ಮೇಲೆತ್ತಿ ಬಿಟ್ಟೆ. ಗಾಯಗೊಂಡ ಮರಿಮೀನಿನಂತೆ ಅದು ತೂರಾಡುತ್ತ ಇಳಿಯಿತು. ಎರಡನೇ ಸಲ ಎತ್ತುತ್ತಲೇ ದಾರ ಬಿಗಿಯಿತು. ಒಳ್ಳೆಯ ಟ್ರೌಟ್, ಮೊಳದುದ್ದ. ವಾಪಸ್ ನೀರಿಗೆ ಬಿಟ್ಟೆ. ಅವನು ಕೂತ ಜಾಗದ ಮೀನು ನನಗೆ ಬೇಡವಾಗಿತ್ತು.

ಮನೆಯಲ್ಲಿ ಜೆರ್ಮೇನ್ ಒಲೆಯ ಮೇಲೆ ಹುರುಳಿಹಿಟ್ಟಿನಂಥ ಕಂದು ಹಿಟ್ಟಿನ ಪ್ಲೋಯ್ ದೋಸೆ ಹುಯ್ಯುತ್ತಿದ್ದಳು.

"ಒನೆಜಿಮ್‌ಗೆ ಜಾಗ ತೋರಿಸಿದ್ಯಾ?"

"ತೋರಿಸ್ಲಿಲ್ಲ. ಕರ್ಕೊಂಡು ಹೋದೆ."

"ಎರಡೂ ಒಂದೇ ಅಲ್ವಾ?"

"ಹೇಗೆ ಒಂದೇ? ತಲೆ ಮೇಲೆ ಕಂಬಳಿ ಹೊದಿಸಿ, ಜಾರುಬಂಡಿಲಿ ಕೂರಿಸಿ, ಎರಡು ಸುತ್ತು ಹೊಡೆಸಿ ಎಳ್ಕೊಂಡು ಹೋದೆ. ಹಿಮ ಬೀಳ್ತಿತ್ತು, ದಡಾನೇ ಕಾಣ್ತಿರ್ಲಿಲ್ಲ. ಅವನಿಗೇನು ಗೊತ್ತಾಗುತ್ತೆ? ಇಡೀ ಚಳಿಗಾಲ ಒಂದು ಮೀನೂ ಸಿಕ್ಕಿಲ್ಲ ಅಂತ ಬಾಗಿಲಲ್ಲಿ ಬಂದು ನಿಂತಿದ್ದ, ಪಾಪ."

"ದಡ ಕಾಣದೆ ನೀನು ಹೇಗೆ ಹೋದೆ?"

"ನಿನ್ನ ನಕ್ಷೆ ಇಲ್ವಾ? ದಿಕ್ಸೂಚಿ ಹಿಡಿದು ಹೆಜ್ಜೆ ಎಣಿಸ್ಕೊಂಡು ಹೋದೆ. ಒಂದಡಿ ತಪ್ಪಲಿಲ್ಲ ಕಣೋ."

ಅಲ್ಲಿಗೆ ಸಮಾಧಾನವಾಗಬೇಕಿತ್ತು. ಆದರೆ ಅವಳು ತಾನಾಗಿ ನಗತೊಡಗಿದಳು.

"ದಾರಿಯುದ್ದಕ್ಕೂ ಕಂಬಳಿ ಒಳಗಿಂದ ಕೇಳ್ತಾನೇ ಇದ್ದ, 'ತಾಯೀ, ಕೆನಡಾ ಗಡಿ ದಾಟಿದ್ವಾ? ಪೊಲೀಸರು ಬಂದ್ರೆ ನಾನು ಆಲೂಗಡ್ಡೆ ಮೂಟೆ ಅಂತ ಹೇಳು' ಅಂತ. ನಕ್ಕೂ ನಕ್ಕೂ ಹಗ್ಗ ಕೈಜಾರಿತು."

ನನ್ನ ಜೊತೆ ಹಂದಿಬೆನ್ನಿನ ಮೇಲೆ ಅವಳು ಒಮ್ಮೆಯೂ ನಕ್ಕಿರಲಿಲ್ಲ. ಸದ್ದು ಮಾಡಬೇಡ, ಮೀನು ಹೆದರುತ್ತವೆ ಎಂದು ನಾನೇ ಹೇಳುತ್ತಿದ್ದೆ. ಅವನು ಜಾಗ ಕದ್ದಿದ್ದರೆ ಜಗಳವಾಡಬಹುದಿತ್ತು. ಇದಕ್ಕೆ ಏನು ಮಾಡಲಿ?

ಭಾನುವಾರ ಚರ್ಚಿನ ಪೂಜೆ ಮುಗಿಸಿ ಜೆರ್ಮೇನ್ ಜೊತೆ ಸರೋವರಕ್ಕೆ ಬಂದು, ದಡದಲ್ಲಿ ಜಾರುಬಂಡಿಯೊಳಗೆ ಕೂತುಬಿಟ್ಟೆ.

"ಇದೇನು ಹೊಸ ವೇಷ?"

"ಕಂಬಳಿ ಹೊದಿಸು. ಎಳ್ಕೊಂಡು ಹೋಗು."

ಅವಳು ನನ್ನ ಮುಖ ನೋಡಿ ಹೊದಿಸಿದಳು. ಒಳಗೆಲ್ಲ ಒನೆಜಿಮ್‌ನ ಪೈಪಿನ ತಂಬಾಕಿನ ವಾಸನೆ. ಹಲ್ಲು ಕಚ್ಚಿ ಕೂತೆ. ಜಾರುಬಂಡಿ ಹೊರಟಿತು. ಸ್ವಲ್ಪ ಹೊತ್ತಾದ ಮೇಲೆ ಧೈರ್ಯ ಮಾಡಿ ಕೇಳಿದೆ:

"ತಾಯೀ, ಕೆನಡಾ ಗಡಿ ದಾಟಿದ್ವಾ?"

ಅವಳು ನಗಲಿಲ್ಲ. "ಅದು ಅವನ ಮಾತು. ನಿಂದೇನಾದ್ರೂ ಇದ್ರೆ ಹೇಳು."

ನನ್ನದೇನಿದೆ? ಯೋಚಿಸಿದೆ, ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಗಾಳಿ ಕಂಬಳಿಯನ್ನು ನನ್ನ ಮೂಗಿಗೆ ಒತ್ತಿತು. ನನಗೆ ತಡೆಯಲಾಗಲಿಲ್ಲ.

"ಜೆರ್ಮೇನ್, ಗಾಳಿ ಎಡಗೆನ್ನೆಗೆ ಬಡೀಬೇಕಿತ್ತು. ಮೂಗಿಗೆ ಬಡೀತಿದೆ. ದಾರಿ ತಪ್ಪಿದ್ದೀಯ."

ಜಾರುಬಂಡಿ ನಿಂತಿತು. ಆಮೇಲೆ ಹಗ್ಗ ಮಂಜುಗಡ್ಡೆಯ ಮೇಲೆ ಬಿದ್ದ ಸದ್ದು, ಅದರ ಹಿಂದೆಯೇ ಅವಳ ನಗು. ಮೀನುಗಳೆಲ್ಲ ಬೆದರಿ ಓಡುವಷ್ಟು ಜೋರಾದ ನಗು.

ನಾನು ಕಂಬಳಿ ತೆಗೆಯಲಿಲ್ಲ.