ಮಗಳ ಸಲುವಾಗಿ ಶಿವಗಂಗವ್ವನ ರಕ್ತಪರೀಕ್ಷೆ

ಶಿರಗುಪ್ಪಿಯ ಶಿವಗಂಗವ್ವ ಮೂರು ದಿನದಿಂದ ಮಗಳ ಫೋನ್ ಎತ್ತಿರಲಿಲ್ಲ. ರಾಯಬಾಗದಲ್ಲಿದ್ದ ಮಗಳು ಶೈಲಾ ಗಾಬರಿಯಾಗಿ ಊರಿನ ಆಶಾ ಕಾರ್ಯಕರ್ತೆ ಸುಂದರಾಳಿಗೆ ಫೋನ್ ಮಾಡಿದಳು.

"ಸುಂದರಕ್ಕಾ, ಸ್ವಲ್ಪ ನಮ್ಮ ಮನೀಗೆ ಹೋಗಿ ನೋಡವಾ. ಅವ್ವ ನನ್ನ ಕೂಡ ಮಾತಾಡವಲ್ಲಳು."

ಇದು 2017ರ ಮಾತು. ಅದಕ್ಕೂ ಎರಡು ವರ್ಷದ ಹಿಂದೆ ಶಿವಗಂಗವ್ವನಿಗೆ ಸ್ತನದ ಕ್ಯಾನ್ಸರ್ ಆಗಿ ಮಿರಜದಲ್ಲಿ ಆಪರೇಷನ್ ನಡೆದಿತ್ತು. ಈಗ ಆರಾಮಾಗಿದ್ದಳು. ಉದುರಿದ ತಲೆಗೂದಲೂ ಮತ್ತೆ ದಟ್ಟವಾಗಿ ಬಂದಿತ್ತು. ಸುಂದರಾ ಹೋದಾಗ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಕಾಕೂ, ಮಗಳ ಮ್ಯಾಲ ಸಿಟ್ಟೇನ್ರಿ?"

"ಸಿಟ್ಟಲ್ಲವಾ, ಅಂಜಿಕಿ. ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರಬಾಯಿ, ಮನ್ಯಾಗ ಮತ್ತ ಯಾರಿಗರ ಆಗಿತ್ತೇನು ಅಂತ ಕೇಳಿದ್ರು. ನನ್ನ ತಂಗಿ ಅಕ್ಕವ್ವ ನಲವತ್ತೆರಡಕ್ಕ ಅಂಡಾಶಯದ ಕ್ಯಾನ್ಸರಲೆ ಹೋದ್ಲು, ನಮ್ಮವ್ವಗೂ ಎದ್ಯಾಗ ಗಂಟಿತ್ತು ಅಂದೆ. ಹಂಗಾದ್ರ ಇದು ವಂಶದಾಗ ಬಂದಿರಬಹುದು, ಜೀನ್ ಪರೀಕ್ಷೆ ಮಾಡಿಸ್ರಿ ಅಂದ್ರು. ಅವತ್ತಿಂದ ಶೈಲಾ ಬೆನ್ನ ಹತ್ತ್ಯಾಳ."

"ಮಾಡಿಸಿದ್ರ ಆತಲ್ರಿ."

ಶಿವಗಂಗವ್ವ ಶೇಂಗಾದ ಬುಟ್ಟಿ ಬದಿಗಿಟ್ಟಳು. "ಹೌದು ಅಂತ ಬಂದ್ರ? ನನ್ನ ಹೊಟ್ಟ್ಯಾಗ ಹುಟ್ಟಿದ ಕೂಸಿಗೆ ಈ ಬ್ಯಾನಿ ನಾನ ಕೊಟ್ಟಂಗ ಆಗಲಿಲ್ಲೇನ? ಅದನ್ನ ಕಾಗದದಾಗ ಬರಸ್ಕೊಂಡು ಬರಲ್ಯಾ?"

ಸುಂದರಾ ಹತ್ತಿರ ಸರಿದು ಅವಳ ಕೈ ಹಿಡಿದಳು.

"ಕಾಕೂ, ನಿಮ್ಮ ಮೂಗು ಶೈಲಾಗ ಬಂದೈತಿ. ಬೇಕಂತ ಕೊಟ್ರೇನು? ಇದೂ ಹಂಗ. ಬಂದಿದ್ರ ಬಂದೈತಿ, ಇಲ್ಲಂದ್ರ ಇಲ್ಲ. ಅರ್ಧಕ್ಕರ್ಧ. ನಂಗ ಗೊತ್ತಿದ್ದದ್ದು ಇಷ್ಟ. ಉಳಿದದ್ದು ಡಾಕ್ಟರಬಾಯೀನ್ನ ಕೇಳೂಣು. ನಾನೂ ಬರ್ತೀನಿ."

ಮುಂದಿನ ವಾರ ಶೈಲಾಳನ್ನೂ ಕರೆದುಕೊಂಡು ಮೂವರೂ ಮಿರಜಕ್ಕೆ ಹೋದರು. ಡಾಕ್ಟರಬಾಯಿ ಅವಸರ ಮಾಡದೆ ತಿಳಿಸಿ ಹೇಳಿದರು.

"ಮೊದಲ ರೋಗ ಆದವರನ್ನ ಪರೀಕ್ಷೆ ಮಾಡಿದ್ರ ಚಲೋ. ನಿಮ್ಮ ರಕ್ತದಾಗ ಜೀನಿನ ದೋಷ ಸಿಕ್ರ, ಶೈಲಾಗೂ ಅದ ದೋಷ ಐತೇನು ಅಂತ ನೋಡಬಹುದು. ಇದ್ರ ಕ್ಯಾನ್ಸರ್ ಬಂದೇ ಬರ್ತೈತಿ ಅಂತಲ್ಲ. ಅಪಾಯ ಹೆಚ್ಚು ಅಂತ. ಆಗ ಎಚ್ಚರ ಇರಾಕ ದಾರಿ ಅದಾವು."

ಶಿವಗಂಗವ್ವ ಒಂದೇ ಪ್ರಶ್ನೆ ಕೇಳಿದಳು.

"ನನ್ನ ತಂಗಿಗೆ ಇದೆಲ್ಲಾ ಮೊದಲ ಗೊತ್ತಾಗಿದ್ರ ಉಳೀತಿದ್ಲೇನ್ರಿ?"

"ಖಾತ್ರಿ ಹೇಳಾಕ ಬರೂದಿಲ್ರಿ. ಆದ್ರ ಏನರ ಮಾಡಾಕ ಆಕೀಗೆ ವ್ಯಾಳ್ಯಾ ಸಿಗತಿತ್ತು."

ಶಿವಗಂಗವ್ವ ಕುಪ್ಪಸದ ತೋಳು ಮೇಲೇರಿಸಿದಳು. "ಎಡಗೈ ಬ್ಯಾಡ್ರಿ, ಅದು ಆಪರೇಷನ್ ಆದ ಬಾಜೂ," ಎಂದು ಬಲಗೈ ಚಾಚಿದಳು.

ಸುಮಾರು ಒಂದು ತಿಂಗಳಿಗೆ ವರದಿ ಬಂತು. ದೋಷ ಇತ್ತು. ಆಮೇಲೆ ಶೈಲಾಳ ರಕ್ತವನ್ನೂ ನೋಡಿದರು. ಅವಳಲ್ಲೂ ಇತ್ತು.

ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು ಶಿವಗಂಗವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. "ತಪ್ಪಾತವಾ, ನನ್ನಿಂದ ನಿನಗ ಬಂತು."

ಶೈಲಾ ಅವಳನ್ನು ಎದೆಗೆ ಒರಗಿಸಿಕೊಂಡಳು. "ಅಳಬ್ಯಾಡವ್ವಾ. ಪಾಪ, ಚಿಗವ್ವಗ ಯಾರೂ ಹೇಳಲಿಲ್ಲ. ನಂಗ ನೀ ಮೊದಲ ಹೇಳಿದಿ. ಈಗ ನಾ ನೋಡ್ಕೊಂತೀನಿ."

ಶಿವಗಂಗವ್ವನ ಮಗ ಭರತ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. "ಅದು ಹೆಣ್ಣಮಕ್ಕಳ ಬ್ಯಾನಿ, ನಂಗ್ಯಾಕ ಪರೀಕ್ಷೆ?" ಎಂದು ನಕ್ಕುಬಿಟ್ಟ. ಸುಂದರಾ ಅವನನ್ನೂ ಬಿಡಲಿಲ್ಲ. "ದೋಷ ಗಂಡಸರಿಗೂ ಬರ್ತೈತಿ ಭರತಣ್ಣಾ. ನಿನ್ನಿಂದ ನಿನ್ನ ಮಗಳಿಗೆ ಹೋಗಬಹುದು," ಎಂದಳು. ಮಗಳ ಮಾತು ಬಂದ ಮೇಲೆ ಅವನ ನಗು ನಿಂತಿತು. ಅವನೂ ಹೋಗಿ ರಕ್ತ ಕೊಟ್ಟು ಬಂದ. ಅವನಲ್ಲಿ ಆ ದೋಷ ಇರಲಿಲ್ಲ.

ಶೈಲಾಳಿಗೆ ಆಗ ಮೂವತ್ತೆಂಟು ವರ್ಷ, ಎರಡು ಮಕ್ಕಳು. ಪ್ರತಿ ವರ್ಷ ತಪ್ಪದೆ ಸ್ತನದ ತಪಾಸಣೆ ಮಾಡಿಸುವುದೆಂದಾಯಿತು. ಗಂಡನ ಜೊತೆ ಕೂತು ಮಾತಾಡಿ, ಡಾಕ್ಟರ ಸಲಹೆ ಕೇಳಿ, ಚಿಗವ್ವನಿಗೆ ಬಂದ ಕ್ಯಾನ್ಸರ್ ತನಗೆ ಬರದಿರಲೆಂದು ಮರುವರ್ಷ ಆಪರೇಷನ್ ಮಾಡಿಸಿ ಅಂಡಾಶಯ ತೆಗೆಸಿಕೊಂಡಳು. ಶಿವಗಂಗವ್ವ ರಾಯಬಾಗಕ್ಕೆ ಹೋಗಿ ಒಂದು ತಿಂಗಳು ಇದ್ದಳು. ದಿನಾ ಮಗಳಿಗೆ ಬಿಸಿ ಗಂಜಿ ಕುಡಿಸಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ಈಗ ಮಗಳು ಮತ್ತೆ ಓಡಾಡಿಕೊಂಡು, ಮನೆ ಕೆಲಸ, ಮಕ್ಕಳ ಶಾಲೆ ಎಲ್ಲ ನೋಡಿಕೊಳ್ಳುತ್ತಿದ್ದಾಳೆ.

ರಾಯಬಾಗದಿಂದ ಮರಳಿದ ಶಿವಗಂಗವ್ವ ಮನೆಯಲ್ಲಿ ಕೂರಲಿಲ್ಲ. ವರದಿಯನ್ನು ಒಂದು ಚೀಲದಲ್ಲಿಟ್ಟುಕೊಂಡು ಅಥಣಿಯ ಬಸ್ ಹತ್ತಿದಳು. ತೀರಿಹೋದ ತಂಗಿ ಅಕ್ಕವ್ವನ ಮಗಳು ಮಯೂರಿ ಅಲ್ಲಿದ್ದಳು. ಎಲ್ಲ ಕೇಳಿ ಅವಳ ಮುಖ ಸಣ್ಣದಾಯಿತು.

"ದೊಡ್ಡವ್ವಾ, ಮನ್ಯಾಗ ಏನಂತಾರೋ. ನಂಗಂತೂ ಅಂಜಿಕಿ ಆಗಾಕತ್ತೈತಿ."

"ನಂಗೂ ಆಗಿತ್ತವಾ. ಮೂರು ದಿನ ಶೈಲಾನ ಫೋನ ಸುದ್ದಾ ಎತ್ತಲಿಲ್ಲ," ಎಂದಳು ಶಿವಗಂಗವ್ವ. "ನಿಮ್ಮವ್ವ ದವಾಖಾನಿಗೆ ಒಬ್ಬಾಕಿನ ಅಡ್ಡಾಡಿದ್ಲು. ನಿನ್ನ ಕೂಡ ನಾ ಬರ್ತೀನಿ. ಸೋಮವಾರ ತಯಾರಾಗು."

ಸೋಮವಾರ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಮಿರಜಕ್ಕೆ ಹೋದರು.

ಈ ಕಥೆ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಜೀನ್ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ಆದರೆ ನಿಮ್ಮ ತಾಯಿಯ ಕಡೆ, ತಂದೆಯ ಕಡೆ ಯಾರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತು, ಯಾವ ವಯಸ್ಸಿನಲ್ಲಿ ಆಗಿತ್ತು ಎಂದು ಹಿರಿಯರನ್ನು ಇವತ್ತೇ ಕೇಳಿ. ಒಬ್ಬರಿಗಿಂತ ಹೆಚ್ಚು ಜನರಿಗೆ ಆಗಿದ್ದರೆ, ಚಿಕ್ಕ ವಯಸ್ಸಿನಲ್ಲೇ ಆಗಿದ್ದರೆ, ಇಲ್ಲವೇ ಒಬ್ಬರಿಗೇ ಆದರೂ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ತಿಳಿಸಿ. ಪರೀಕ್ಷೆ ಬೇಕೋ ಬೇಡವೋ, ಅದರಿಂದ ಏನು ತಿಳಿಯುತ್ತದೆ ಎಂದು ಮೊದಲು ಕೇಳಿಕೊಳ್ಳಿ. ದೋಷ ಇಲ್ಲ ಎಂದು ಬಂದರೂ ಎದೆಯಲ್ಲಿ ಗಂಟು ಕಂಡರೆ ತಡಮಾಡದೆ ತೋರಿಸಿ.

ಇದು ಯಾರ ತಪ್ಪೂ ಅಲ್ಲ. ಮುಚ್ಚಿಡಬೇಡಿ. ನೀವು ಹೇಳದಿದ್ದರೆ ನಿಮ್ಮ ಮಗಳಿಗೆ ಮತ್ತೆ ಯಾರು ಹೇಳಬೇಕು?