ಕೆಂಪು ದಾರದ ಹೊಲಿಗೆ

ಊರ ಉಸಾಬರಿ ಬೇಡ ಎಂದು ಹೆಂಡತಿ ಹತ್ತು ವರ್ಷದಿಂದ ಬಡಿದುಕೊಳ್ಳುತ್ತಿದ್ದಾಳೆ. ಅವಳ ಮಾತು ಕೇಳಿದ್ದರೆ ಇವತ್ತು ನನ್ನ ಕೈ ನೋಡಿ ನನಗೇ ಹೇಸಿಗೆಯಾಗುತ್ತಿರಲಿಲ್ಲ.

ನಾನು ಈರಬಸಪ್ಪ, ಬಸ್ ಸ್ಟ್ಯಾಂಡಿನ ಎದುರಿಗಿನ ಟೇಲರ್. ಬೀದಿ ದೀಪ ಕೆಟ್ಟರೆ, ನಳದಲ್ಲಿ ಹುಳ ಬಂದರೆ ಅರ್ಜಿ ಬರೆಯುವವನು ನಾನೇ. ಹಾಳೆಗಳಿಗೆ ನಾನು ಪಿನ್ನು ಹೊಡೆಯುವುದಿಲ್ಲ, ಎಡ ಅಂಚಿಗೆ ಮಷೀನಿನಲ್ಲಿ ಕೆಂಪು ದಾರದ ಹೊಲಿಗೆ ಹಾಕುತ್ತೇನೆ. ಪಿನ್ನು ಕಿತ್ತು ಹಾಳೆ ಕಳೆಯುವುದು ಕಚೇರಿಯವರಿಗೆ ಎಡಗೈ ಕೆಲಸ, ನನ್ನ ಹೊಲಿಗೆ ಬಿಚ್ಚಬೇಕಾದರೆ ಬೆವರು ಇಳಿಯಬೇಕು. ಹಾಗೆಂದು ಸಿಕ್ಕವರೆದುರೆಲ್ಲ ಕೊಚ್ಚಿಕೊಂಡಿದ್ದೇನೆ.

ಹೋದ ವರ್ಷ ಹೊಲಿದದ್ದು ಹೆಂಗಸರ ಪಾಯಖಾನೆಯ ಅರ್ಜಿ. ಸಂಶಿಯಿಂದ ಮೊದಲ ಬಸ್ಸಿಗೆ ಬಂದು ನನ್ನ ಅಂಗಡಿ ಕಟ್ಟೆಯ ಬಾಜು ಸೊಪ್ಪು ಮಾರುವ ಸಾವಿತ್ರೆವ್ವ ಸಂಜೆಯ ತನಕ ಒಂದು ಗುಟುಕು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಲು ಜಾಗವಿಲ್ಲ. ಸ್ಟ್ಯಾಂಡಿನ ಹಿಂದಿನ ಗೋಡೆ ಗಂಡಸರದು, ಅದರ ನಾತ ನಾನು ಹೊಲಿದ ಹೊಸ ಬಟ್ಟೆಗೂ ಅಂಟುತ್ತದೆ. ಎರಡು ಸಲ ಉರಿಮೂತ್ರವಾಗಿ, ಜ್ವರವೇರಿ ಆಕೆ ದವಾಖಾನೆ ಸೇರಿದಳು. ನೀರು ಚೆನ್ನಾಗಿ ಕುಡಿ ಎಂದರಂತೆ ಡಾಕ್ಟರು.

ಅರ್ಜಿಯನ್ನು ಆಕೆಗೆ ಓದಿ ಹೇಳಿ ಮೊದಲ ಹೆಬ್ಬೆಟ್ಟು ಆಕೆಯದೇ ಒತ್ತಿಸಿದೆ. ಆಮೇಲೆ ಅಳತೆ ಕೊಡಲು ಬಂದ ಒಬ್ಬ ಹೆಂಗಸನ್ನೂ ಸಹಿಯಿಲ್ಲದೆ ಬಿಡಲಿಲ್ಲ. ಹನ್ನೊಂದು ಹಾಳೆ ತುಂಬಿದವು. ಅರ್ಜಿಯ ಕೆಳಗಿಟ್ಟು ಹೊಲಿದು ಪುರಸಭೆ ಕಚೇರಿಗೆ ಕೊಟ್ಟೆ, ಮಂಜೂರಾಯಿತು. ಮೊಣಕಾಲೆತ್ತರ ಮೂರು ಗೋಡೆ ಎದ್ದವು, ಕೆಲಸ ಅಲ್ಲಿಗೇ ನಿಂತಿತು. ಈಗ ಅದರೊಳಗೆ ಹಂದಿಗಳು ಮಲಗುತ್ತವೆ.

ಜೂನ್ ತಿಂಗಳಲ್ಲಿ, ನಾನು ಶಾಲೆಯ ಯೂನಿಫಾರ್ಮುಗಳಲ್ಲಿ ಮುಳುಗಿದ್ದಾಗ, ನಮ್ಮ ವಾರ್ಡಿನ ಮೆಂಬರ್ ಕಾಶಿನಾಥ ಹಾಳೆಗಳ ಕಟ್ಟು ಹಿಡಿದು ಬಂದ.

"ಮಾಸ್ತರ್ರ, ನಿಮ್ಮ ಅರ್ಜಿ ದಾರ ಬಿಚ್ಚೇತಿ ನೋಡ್ರಿ. ಗಡಾನ ಒಂದು ಹೊಲಿಗಿ ಹಾಕಿ ಕೊಡ್ರಿ, ಇವತ್ತ ಮ್ಯಾಲಿನ ಕಚೇರಿಗೆ ಹೊಂಟೇತಿ."

ನಾನು ಉಬ್ಬಿಹೋದೆ. ನನ್ನ ಹೊಲಿಗೆ ತಾನಾಗಿ ಬಿಚ್ಚುವುದೇ? ಆ ಪ್ರಶ್ನೆ ಹೊಳೆಯಲಿಲ್ಲ. ಮೆಂಬರನೇ ನನ್ನ ಅರ್ಜಿ ಹೊತ್ತು ತಿರುಗುತ್ತಿದ್ದಾನಲ್ಲ ಎಂದು ಹಿಗ್ಗಿ, ಹಾಳೆ ತಿರುವದೆ ಸರ್ರನೆ ಹೊಲಿದು ಕೊಟ್ಟೆ.

ನಿನ್ನೆ ಕಚೇರಿಗೆ ಹೋಗಿ ಕೆಲಸ ಯಾಕೆ ನಿಂತಿದೆ ಎಂದು ಕೇಳಿದೆ. ಗುಮಾಸ್ತ ರಘೂತ್ತಮ ಅಡಿಕೆ ಅಗಿಯುತ್ತ ಫೈಲು ತೆಗೆದ.

"ಕೆಲಸಾ ಮುಗದದಲ್ರಿ. ಮಂದಿ ಮೆಚ್ಚಿ ಬರದ ಪತ್ರಾನೂ ಅದ. ನಿಮ್ಮ ಕೆಂಪು ದಾರ ನೋಡಿ ಸಾಹೇಬ್ರು ಒಂದ ಪ್ರಶ್ನಿ ಸುದ್ದಾ ಕೇಳಲಿಲ್ಲ, ಬಿಲ್ ಪಾಸ್ ಮಾಡಿದ್ರು."

ಮೇಲೆ ನಾನು ಬರೆದ ಅರ್ಜಿಯ ಹಾಳೆಯೇ ಇರಲಿಲ್ಲ, ಬೇರೊಂದಿತ್ತು. ಪಾಯಖಾನೆ ಪೂರ್ಣಗೊಂಡಿದೆ, ನಾವೆಲ್ಲ ದಿನವೂ ಬಳಸುತ್ತಿದ್ದೇವೆ, ದುಡಿದ ಮೆಂಬರಿಗೆ ವಂದನೆಗಳು ಎಂದು ಅದರಲ್ಲಿ ಟೈಪ್ ಮಾಡಲಾಗಿತ್ತು. ಅದರ ಕೆಳಗೆ ನಾನು ಸಹಿ ಹಾಕಿಸಿದ ಹನ್ನೊಂದು ಹಾಳೆ, ಮೊದಲಿಗೇ ಸಾವಿತ್ರೆವ್ವನ ಹೆಬ್ಬೆಟ್ಟು. ಹಳೆಯ ತೂತುಗಳ ಪಕ್ಕದಲ್ಲಿ ಹೊಸ ಹೊಲಿಗೆ ಒಂದು ನೂಲೂ ಸೊಟ್ಟಗಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

"ಸುಳ್ಳು ಅಂತೀರೇನು? ಹಂಗಾರ ಅವರೆಲ್ಲಾರ ಸಹಿ ಮತ್ತ ತೊಗೊಂಡ ಬರ್ರಿ," ಎಂದು ರಘೂತ್ತಮ ಫೈಲು ಮುಚ್ಚಿದ.

ಚಹಾದಂಗಡಿಯಲ್ಲಿ ಕಾಶಿನಾಥ ಸಿಕ್ಕ. ಕೊರಳಪಟ್ಟಿ ಹಿಡಿಯಬೇಕು ಎಂದುಕೊಂಡೇ ಹೋಗಿದ್ದೆ. ಅವನ ಮೈಮೇಲಿದ್ದದ್ದು ನಾನೇ ಹೊಲಿದ ಅಂಗಿ.

"ಹೊಲದಾವ್ರು ನೀವು, ನನ್ನ ಯಾಕ ಕೇಳ್ತೀರಿ?" ಎಂದು ಅವನು ನಕ್ಕ. ಸುತ್ತಲಿನವರೂ ನಕ್ಕರು. ಅವರಲ್ಲಿ ಮೂವರ ಹೆಂಡಂದಿರ ಸಹಿ ಆ ಹಾಳೆಗಳಲ್ಲಿವೆ.

ಇವತ್ತು ಹೊಸ ಅರ್ಜಿ ಬರೆದೆ. ಒಂದು ಕಪ್ ಚಹಾ ತರಿಸಿ ಸಾವಿತ್ರೆವ್ವನ ಮುಂದಿಟ್ಟು, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದೆ. ಆಕೆ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಕೇಳಿಸಿಕೊಂಡಳು.

"ಮೊದಲನೇ ಸಲ ನನಗ ಓದಿ ಹೇಳಿದ್ದಿ. ಎರಡನೇ ಸಲ ನೀ ಯಾಕ ಓದಲಿಲ್ಲ?"

"ಗಡಿಬಿಡಿ ಇತ್ತಬೇ."

"ನಿನಗ ಓದಾಕ ಬರತೈತಿ," ಎಂದಳು, ಅಷ್ಟೇ.

ಮಸಿಯ ಡಬ್ಬಿ ಮುಂದೆ ಸರಿಸಿದೆ. ಆಕೆ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಚಹಾ ಆರುತ್ತಿದೆ, ಕುಡಿ ಎಂದೆ.

ಆಕೆ ಕಪ್ಪನ್ನು ನನ್ನ ಕಡೆಗೇ ತಳ್ಳಿದಳು.

"ಕುಡದು ಎಲ್ಲಿಗೆ ಹೋಗ್ಲಿ? ನೀ ಹೊಲದಿಯಲ್ಲ, ಆ ಪಾಯಖಾನಿಗೇನು?"